ಆಟಿಯ ಗಂಜಿ, ಅಮ್ಮನ ಬಿಪಿ

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕೇಳುವ ಮಾತು: ಮಾತ್ರೆ ಒಂದು ದಿನವೂ ತಪ್ಪಿಲ್ಲ, ಆದರೂ ಅಮ್ಮನ ಬಿಪಿ ಏರಿದೆ. ಮೊದಲು ಊಟದ ಬಟ್ಟಲು ನೋಡಿ. ಕುಚ್ಚಲಕ್ಕಿ ಗಂಜಿಯದ್ದು ತಪ್ಪಿಲ್ಲ. ನೀರುಮಾವಿನಕಾಯಿ ಚಟ್ನಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು, ಹಪ್ಪಳ ಇವೆಲ್ಲ ಉಪ್ಪಿನಿಂದಲೇ ಮಳೆಗಾಲ ದಾಟುವಂಥವು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀಚಮಚ ಉಪ್ಪು ಮೀರಬಾರದು.

ಹಾಗೆಂದು ಪೂರಾ ಸಪ್ಪೆ ಬಡಿಸಬೇಡಿ, ವಯಸ್ಸಾದವರು ಉಣ್ಣುವುದನ್ನೇ ಬಿಡುತ್ತಾರೆ. ಗಂಜಿಗೆ ಉಪ್ಪು ಬೇಡ; ಉಪ್ಪಿನದ್ದು ದಿನಕ್ಕೆ ಒಂದೇ ಬಗೆ ಇರಲಿ, ಅದೂ ಸ್ವಲ್ಪ. ಸೊಳೆಯನ್ನು ರಾತ್ರಿಯೇ ನೆನೆಹಾಕಿ, ಮೂರು ನಾಲ್ಕು ಸಲ ನೀರು ಬದಲಿಸಿ ಹಿಂಡಿ. ತಿಮರೆ (ಒಂದೆಲಗ) ಚಟ್ನಿಗೆ ಹುಳಿ, ಹಸಿಮೆಣಸು ಮುಂದಾದರೆ ಅರ್ಧ ಉಪ್ಪು ಸಾಕು. ಅಂಗಡಿಯ ಲೋ ಸೋಡಿಯಂ ಉಪ್ಪನ್ನು ಮಾತ್ರ ಕೇಳದೆ ತರಬೇಡಿ: ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ಕಿಡ್ನಿ ದುರ್ಬಲವಾದವರಿಗೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತ ತಪ್ಪಿಸಬಹುದು. ದಿನವೂ ಬೊಂಡ (ಎಳನೀರು) ಕುಡಿಯುವುದಕ್ಕೂ ಇದೇ ಮಾತು. ಮಳೆಗೆ ಗಂಟುನೋವೆಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ಬಿಪಿ ಏರಿಸುತ್ತವೆ; ವೈದ್ಯರಿಗೆ ಅದನ್ನೂ ಹೇಳಿ.

ಅಳತೆಯೇ ತಪ್ಪಿದ್ದರೆ ಡೋಸೂ ತಪ್ಪುತ್ತದೆ. ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿದು ಅರ್ಧ ಗಂಟೆ ಕಳೆದ ಮೇಲೆ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಮಾತಿಲ್ಲದೆ ಕೂರಿಸಿ. ಬಿಪಿ ಯಂತ್ರದ ಪಟ್ಟಿ ಬರಿ ತೋಳಿಗೆ, ಎದೆಯ ಮಟ್ಟದಲ್ಲಿ. ಚಿಕ್ಕ ಪಟ್ಟಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ನಿಮಿಷದ ಅಂತರದಲ್ಲಿ ಎರಡೆರಡು ಸಲ, 7 ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಅಳತೆಯಲ್ಲಿ 135/85 ದಾಟಿದರೆ ಹೆಚ್ಚು; ಎಷ್ಟಕ್ಕೆ ಇಳಿಸಬೇಕೆಂಬುದನ್ನು ವಯಸ್ಸು ನೋಡಿ ವೈದ್ಯರೇ ಹೇಳಬೇಕು.

ಬಹಳ ಮಂದಿ ಬಿಡುವುದು ನಿಂತಾಗಿನ ಅಳತೆ. ಎದ್ದು 1 ನಿಮಿಷಕ್ಕೆ, 3 ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಇಳಿದರೆ ರಾತ್ರಿ ಬಚ್ಚಲಿಗೆ ಹೋಗುವಾಗ ತಲೆತಿರುಗಿ ಬೀಳುವ ಭಯವಿದೆ. ಏಪ್ರಿಲ್, ಮೇ ಸೆಕೆಯಲ್ಲಿ ಬೆವರು ಹರಿದು, ಜೊತೆಗೆ ಕ್ಲೋರ್ಥಾಲಿಡೋನ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಇದು ಇನ್ನೂ ಹೆಚ್ಚು. ಈ ಮಾತ್ರೆಯಿಂದ ರಕ್ತದಲ್ಲಿ ಸೋಡಿಯಂ ಇಳಿಯಲೂಬಹುದು; ದಿನೇ ದಿನೇ ಮಂಕಾಗುತ್ತಿದ್ದರೆ ಅದರ ಪರೀಕ್ಷೆ ಮಾಡಿಸಿ.

180/120 ಕಂಡರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ. ಎದೆನೋವು, ಉಬ್ಬಸ, ಬಾಯಿ ಸೊಟ್ಟ, ದಿಢೀರನೆ ಮಾತು ಗಲಿಬಿಲಿ, ಒಂದು ಕೈ ಸೋತರೆ ಅಂಕಿ ಎಷ್ಟೇ ಇರಲಿ, 108ಕ್ಕೆ ಕರೆ ಮಾಡಿ. ಹೆಚ್ಚುವರಿ ಮಾತ್ರೆ ಕೊಡಬೇಡಿ. ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ, ಆಸ್ಪತ್ರೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ.