ಗಾಳಕ್ಕಿಂತ ಮೊದಲು ಗಾಳಿ: ಜನವರಿಯಲ್ಲಿ ಫ್ಲಾರಿಡಾ ಕೀಸ್

ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಗಳ ಸಾಲು ಫ್ಲಾರಿಡಾ ಕೀಸ್‌ಗೆ ಮೀನು ಹಿಡಿಯಲು ಮೊದಲ ಸಲ ಹೋದಾಗ ನಾವು ದೋಣಿ ಬುಕ್ ಮಾಡಿದ್ದು ಕೊನೆಯ ದಿನಕ್ಕೆ. ಮಿನಿಯಾಪೊಲಿಸ್‌ನ ಮೈನಸ್ 20 ಡಿಗ್ರಿಯಿಂದ ಹೊರಟು, ಮೂರು ರಾತ್ರಿಗೆ ರೂಮು ಹಿಡಿದು, ಎರಡು ದಿನ ಸುಮ್ಮನೆ ಬಿಸಿಲು ಕಾಯಿಸಿ, ಮೂರನೆಯ ದಿನ ಸಮುದ್ರಕ್ಕೆ ಹೋಗೋಣ ಅಂತ ಲೆಕ್ಕ ಹಾಕಿದ್ದೆವು. ಆ ಎರಡು ದಿನ ಸಮುದ್ರ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಎರಡನೆಯ ರಾತ್ರಿ ಗಾಳಿ ಎದ್ದಿತು. ಬೆಳಿಗ್ಗೆ ಆರಕ್ಕೆ ಕ್ಯಾಪ್ಟನ್ ಫೋನ್ ಮಾಡಿ ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಎಂದರು. ನಾಳೆ ನಮಗೆ ವಿಮಾನ. ಮುಂಗಡ ಹಣ ವಾಪಸ್ ಬಂತು ಅನ್ನುವುದೊಂದೇ ಸಮಾಧಾನ.

ಈ ವರ್ಷ ಆರು ರಾತ್ರಿ ಇಟ್ಟುಕೊಂಡು ಹೋದೆವು, ನಾನು ಮತ್ತು ಭಾವ. ಭಾವ ಹುಟ್ಟಿ ಬೆಳೆದದ್ದು ಹೊನ್ನಾವರದಲ್ಲಿ, ಈಗ ಇರುವುದು ವಿಸ್ಕಾನ್ಸಿನ್‌ನಲ್ಲಿ. ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಗಾಳ ಇಳಿಸುವುದನ್ನು ಹತ್ತು ವರ್ಷದಿಂದ ಮಾಡುತ್ತಿದ್ದಾರೆ, ಆದರೆ ಅದನ್ನು ಮೀನು ಹಿಡಿಯುವುದು ಅಂತ ಅವರ ಮನಸ್ಸು ಇನ್ನೂ ಒಪ್ಪಿಲ್ಲ. "ಉಪ್ಪಿನ ವಾಸನೆ ಇಲ್ಲದ ಮೇಲೆ ಎಂಥದು ಮಾರಾಯ" ಅನ್ನುತ್ತಾರೆ.

ಈ ಪ್ರವಾಸಕ್ಕೆ ಹೊರಡುವವರು ಮೊದಲು ತಿಳಿಯಬೇಕಾದದ್ದು ಮೀನಿನ ಹೆಸರುಗಳನ್ನಲ್ಲ, ಗಾಳಿಯ ದಿಕ್ಕನ್ನು. ನಾವು ಚಳಿಗಾಲದಿಂದ ತಪ್ಪಿಸಿಕೊಂಡು ಬಂದೆವು ಅಂದುಕೊಂಡಿರುತ್ತೇವೆ, ಅದು ಹಿಮದ ವೇಷ ಕಳಚಿ ಗಾಳಿಯಾಗಿ ಹಿಂದೆಯೇ ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕೋಲ್ಡ್ ಫ್ರಂಟ್, ಅಂದರೆ ಉತ್ತರದ ತಣ್ಣನೆಯ ಗಾಳಿಯ ಮುಂಚೂಣಿ, ಅಲ್ಲಿಯವರೆಗೂ ಇಳಿಯುತ್ತದೆ. ಅದು ಬರುವ ಮುಂಚೆ ಗಾಳಿ ಆಗ್ನೇಯದಿಂದ ದಕ್ಷಿಣಕ್ಕೆ, ಅಲ್ಲಿಂದ ನೈಋತ್ಯಕ್ಕೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಫ್ರಂಟ್ ದಾಟಿದ ಮೇಲೆ ವಾಯವ್ಯದಿಂದ, ಉತ್ತರದಿಂದ ಜೋರಾಗಿ ಬೀಸಿ, ಒಂದೆರಡು ದಿನದಲ್ಲಿ ಈಶಾನ್ಯಕ್ಕೆ, ಪೂರ್ವಕ್ಕೆ ಬಂದು ನಿಲ್ಲುತ್ತದೆ. ಗಾಳಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್, ದಾಟಿದರೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಡುತ್ತದೆ, ಹೆಚ್ಚಿನ ಕ್ಯಾಪ್ಟನ್‌ಗಳು ಹೊರಗಿನ ಸಮುದ್ರಕ್ಕೆ ಹೋಗುವುದಿಲ್ಲ. ಹೋದರೂ ನೀವು ವಾಂತಿ ಮಾಡಿಕೊಂಡು ಬರುತ್ತೀರಿ.

ಹಾಗಾಗಿ ದೋಣಿಯನ್ನು ತಲುಪಿದ ಮರುದಿನಕ್ಕೇ ಬುಕ್ ಮಾಡಿ. ರದ್ದಾದರೆ ಮುಂದೂಡಲು ದಿನ ಉಳಿದಿರುತ್ತದೆ. ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಹವಾಮಾನದಿಂದ ರದ್ದಾದರೆ ದಿನ ಬದಲಿಸಿಕೊಡುತ್ತೀರಾ, ಹಣ ಹಿಂತಿರುಗಿಸುತ್ತೀರಾ? ನಾಲ್ಕು ದಿನಕ್ಕಿಂತ ಕಡಿಮೆ ರಜೆ ಇದ್ದರೆ, ನನ್ನನ್ನು ಕೇಳಿದರೆ, ಸಮುದ್ರದ ದೋಣಿಯ ಆಸೆ ಬಿಟ್ಟು ಸೇತುವೆಯ ಮೇಲಿಂದ ಗಾಳ ಹಾಕುವುದೇ ವಾಸಿ.

ದಾರಿ ಸುಲಭ. ಮಿಯಾಮಿಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿಯಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಟೋಲ್ ಕಾರಿನ ನಂಬರ್ ಮೇಲೆ ಬೀಳುತ್ತದೆ, ಬಾಡಿಗೆ ಕಂಪನಿಗಳು ಅದರ ಮೇಲೆ ತಮ್ಮ ಶುಲ್ಕ ಸೇರಿಸುತ್ತವೆ, ಮೊದಲೇ ವಿಚಾರಿಸಿ. ಆಮೇಲೆ ಒಂದೇ ರಸ್ತೆ, ಯುಎಸ್ 1. ಕೀ ವೆಸ್ಟ್‌ವರೆಗೆ 113 ಮೈಲಿ, 42 ಸೇತುವೆ. ವಿಳಾಸಗಳೆಲ್ಲ ಮೈಲಿಗಲ್ಲಿನ ಲೆಕ್ಕದಲ್ಲಿ: ಕೀ ವೆಸ್ಟ್ ಸೊನ್ನೆ, ಕೀ ಲಾರ್ಗೊ ನೂರರ ಆಸುಪಾಸು. ಜೊತೆಗೆ ಅಟ್ಲಾಂಟಿಕ್ ಕಡೆಯೋ, ಇನ್ನೊಂದು ಬದಿಯ ಫ್ಲಾರಿಡಾ ಬೇ ಎಂಬ ಕೊಲ್ಲಿಯ ಕಡೆಯೋ ಅಂತ ಹೇಳುತ್ತಾರೆ. ಈ ಎರಡು ಕಡೆಗಳ ವಿಷಯ ಬರೀ ವಿಳಾಸದ್ದಲ್ಲ, ಮುಂದೆ ಹೇಳುತ್ತೇನೆ. ನಾವು ಉಳಿದದ್ದು Islamorada ಎಂದು ಬರೆಯದೆ ಕನ್ನಡದಲ್ಲೇ ಬರೆದರೆ ಚಂದ ಕಾಣುವ ಐಲಮೊರಾಡದಲ್ಲಿ. ಬೋರ್ಡಿನಲ್ಲಿ ನಡುವೆ ಒಂದು 'ಎಸ್' ಅಕ್ಷರ ಇದೆ, ಉಚ್ಚರಿಸುವವರಿಲ್ಲ. ನಾನು ಉಚ್ಚರಿಸಿದೆ, ಪೆಟ್ರೋಲ್ ಬಂಕಿನವಳು ನಕ್ಕಳು.

ಕ್ರಿಸ್‌ಮಸ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಸೀಸನ್. ಉತ್ತರದವರೆಲ್ಲ ನಮ್ಮ ಹಾಗೆಯೇ ಓಡಿ ಬಂದಿರುತ್ತಾರೆ, ರೂಮಿನ ಬಾಡಿಗೆ ಕಣ್ಣು ಕುಕ್ಕುತ್ತದೆ. ಅಡುಗೆಮನೆ ಇರುವ ರೂಮು ಸಿಕ್ಕರೆ ಬಿಡಬೇಡಿ. ಹಿಡಿದ ಮೀನು ಕೊಟ್ಟರೆ ಬೇಯಿಸಿ ಬಡಿಸುವ ಹೋಟೆಲುಗಳು ಅಲ್ಲಿ ಬೇಕಾದಷ್ಟಿವೆ, ಆದರೆ ಭಾವನಿಗೆ ಮಸಾಲೆ ಸಾಲಲಿಲ್ಲ.

ಲೈಸೆನ್ಸ್ ವಿಷಯದಲ್ಲಿ ಸೋಮಾರಿತನ ಬೇಡ. ಹೊರರಾಜ್ಯದವರಿಗೆ ಉಪ್ಪುನೀರಿನ ಲೈಸೆನ್ಸ್ 3 ದಿನಕ್ಕೆ 17 ಡಾಲರ್, 7 ದಿನಕ್ಕೆ 30, ವರ್ಷಕ್ಕೆ 47, ಆನ್‌ಲೈನ್‌ನಲ್ಲಿ ಸಿಗುತ್ತದೆ, ಸೇವಾಶುಲ್ಕ ಬೇರೆ. ಬಾಡಿಗೆ ದೋಣಿಯಲ್ಲಿ ಹೋದರೆ ಕ್ಯಾಪ್ಟನ್‌ನ ಲೈಸೆನ್ಸ್ ನಿಮಗೂ ಸಲ್ಲುತ್ತದೆ. ದಡದಿಂದಲೋ ಸೇತುವೆಯಿಂದಲೋ ಗಾಳ ಹಾಕಿದರೆ ನಿಮ್ಮದೇ ಬೇಕು. 16 ವರ್ಷದೊಳಗಿನ ಮಕ್ಕಳಿಗೆ ಬೇಡ. ದಡದಿಂದ ಹಿಡಿದರೆ ಉಚಿತ ಎಂದು ಯಾರಾದರೂ ಹೇಳಿದರೆ ಅದು ಫ್ಲಾರಿಡಾ ನಿವಾಸಿಗಳ ಮಾತು, ನಮಗಲ್ಲ.

ಯಾವ ಮೀನಿನ ಕನಸು ಕಾಣಬಹುದು, ಯಾವುದನ್ನು ಬಿಡಬೇಕು ಎನ್ನುವುದು ಹೊರಡುವ ಮುಂಚೆಯೇ ತೀರ್ಮಾನವಾಗಲಿ. ಫೋಟೋಗಳಲ್ಲಿ ಕಾಣುವ ಬೆಳ್ಳಿಯಂಥ ದೊಡ್ಡ ಟಾರ್ಪನ್ ಮೀನಿಗೆ ಸರಿಯಾದ ಕಾಲ ಏಪ್ರಿಲ್‌ನಿಂದ ಜೂನ್, ಜನವರಿಯಲ್ಲಿ ಸಿಕ್ಕರೆ ಅದೃಷ್ಟ. ತಿಳಿನೀರಿನ ಬೋನ್‌ಫಿಶ್‌ಗೂ ತಣ್ಣೀರು ಆಗದು. ಬೇ ಕಡೆಯ ನೀರು ಆಳವಿಲ್ಲದ್ದು, ಫ್ರಂಟ್ ಬಂದ ರಾತ್ರಿಯೇ ತಣ್ಣಗಾಗಿಬಿಡುತ್ತದೆ. 2010ರ ಜನವರಿಯ ಚಳಿಗೆ ದಕ್ಷಿಣ ಫ್ಲಾರಿಡಾದಲ್ಲಿ ಸ್ನೂಕ್ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ್ದವು. ಇನ್ನು ಗ್ರೂಪರ್ ಮೀನು: ಅಟ್ಲಾಂಟಿಕ್ ಕಡೆ ಜನವರಿ 1ರಿಂದ ಏಪ್ರಿಲ್ 30ರವರೆಗೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸಿಕ್ಕರೂ ಬಿಡಬೇಕು.

ಹಾಗಾದರೆ ಚಳಿಗಾಲದಲ್ಲಿ ಏನಿದೆ? ಬಹಳ ಇದೆ. ಹೊರಗಿನ ನೀಲಿ ನೀರಿನಲ್ಲಿ ಸೈಲ್‌ಫಿಶ್, ಕಿಂಗ್‌ಫಿಶ್. ಹವಳದ ದಿಬ್ಬದ ಮೇಲೆ ಹಳದಿ ಬಾಲದ ಸ್ನ್ಯಾಪರ್. ಬೇ ಕಡೆ ಸ್ಪ್ಯಾನಿಶ್ ಮ್ಯಾಕೆರೆಲ್ ಹಿಂಡು. ಈ ಕಿಂಗ್‌ಫಿಶ್ ಮತ್ತು ಸ್ಪ್ಯಾನಿಶ್ ಮ್ಯಾಕೆರೆಲ್ ನಮ್ಮ ಅಂಜಲ್‌ನ ಕುಲದವೇ, ಭಾವನ ಊರಿನ ಮಾತಿನಲ್ಲಿ ಇಸ್ವಾಣ. ಮೊದಲನೆಯದು ದೋಣಿಗೆ ಬಿದ್ದಾಗ ಅದರ ಹಲ್ಲು ನೋಡಿ, ಬಾಲ ನೋಡಿ, ಭಾವ ಸಂಬಂಧಿಕರನ್ನು ಕಂಡವರ ಹಾಗೆ ಮಾತಾಡಿಸಿದರು. ಹಲ್ಲಿನ ವಿಷಯ ತಮಾಷೆಯಲ್ಲ. ದಾರವನ್ನು ಕತ್ತರಿಯ ಹಾಗೆ ತುಂಡರಿಸುತ್ತವೆ, ಗಾಳದ ಮೇಲೆ ಒಂದು ಗೇಣು ತಂತಿ ಇರಲೇಬೇಕು. ಹಳದಿ ಬಾಲದ್ದಕ್ಕೆ ಇದಕ್ಕೆ ವಿರುದ್ಧ: ಅದು ದಾರ ಕಂಡರೆ ಹತ್ತಿರ ಬರುವುದಿಲ್ಲ, ನೀರಿನಲ್ಲಿ ಅಷ್ಟಾಗಿ ಕಾಣದ ತೆಳ್ಳನೆಯ ಫ್ಲೂರೋಕಾರ್ಬನ್ ದಾರ, ಸಣ್ಣ ಗಾಳ, ಮುಳುಗಿಸುವ ಸೀಸದ ತೂಕ ಬೇಡ. 12 ಇಂಚಿಗಿಂತ ಚಿಕ್ಕದನ್ನು ಬಿಡಬೇಕು, ಅಳತೆಪಟ್ಟಿ ಕೈಯಲ್ಲಿರಲಿ.

ದೋಣಿಗಳಲ್ಲಿ ಮೂರು ಬಗೆ. ತಲೆಗಿಷ್ಟು ಅಂತ ಟಿಕೆಟ್ ಕೊಟ್ಟು ಹತ್ತಾರು ಜನರ ಜೊತೆ ಹೋಗುವ ಪಾರ್ಟಿ ಬೋಟ್, ನಾವು ಅರ್ಧ ದಿನಕ್ಕೆ ಸುಮಾರು 80 ಡಾಲರ್ ಕೊಟ್ಟೆವು, ರಾಡ್, ಎರೆ ಎಲ್ಲ ಸೇರಿ. ಆರು ಜನರವರೆಗೆ ಕರೆದೊಯ್ಯುವ ಖಾಸಗಿ ದೋಣಿ, ಅದನ್ನು ಇಡಿಯಾಗಿ ಬಾಡಿಗೆಗೆ ಹಿಡಿಯಬೇಕು, ಇಬ್ಬರಿಗೆ ದುಬಾರಿ. ಮೂರನೆಯದು ಬೇ ಕಡೆಯ ಚಪ್ಪಟೆ ದೋಣಿ, ಇಬ್ಬರು ಮತ್ತು ಒಬ್ಬ ಗೈಡ್. ನಮಗೆ ಅರ್ಧ ದಿನಕ್ಕೆ 600 ಡಾಲರ್ ಹತ್ತಿರ ಬಂತು, ಟಿಪ್ಸ್ ಬೇರೆ, ಅದು 15ರಿಂದ 20 ಶೇಕಡಾ. ಹೊಸಬರಿಗೆ ನನ್ನ ಸಲಹೆ ಪಾರ್ಟಿ ಬೋಟಿನಿಂದಲೇ ಶುರು ಮಾಡಿ. ಪಕ್ಕದವರ ದಾರಕ್ಕೆ ನಿಮ್ಮ ದಾರ ಸಿಕ್ಕಿಕೊಳ್ಳುತ್ತದೆ, ಬೈಸಿಕೊಳ್ಳುತ್ತೀರಿ, ಆದರೆ ಕಲಿಯುತ್ತೀರಿ. ನಿಲ್ಲಲು ಹಿಂಭಾಗದ ಮೂಲೆ ಸಿಗುವಂತೆ ಅರ್ಧ ಗಂಟೆ ಮುಂಚೆ ಹೋಗಿ.

ಬಾಳೆಹಣ್ಣು ಮಾತ್ರ ಒಯ್ಯಬೇಡಿ. ನಾವು ಬೆಳಗಿನ ತಿಂಡಿಗೆಂದು ಒಂದು ಚಿಪ್ಪು ಕಟ್ಟಿಕೊಂಡು ಹೋಗಿದ್ದೆವು. ದೋಣಿಯ ಹುಡುಗ ಚೀಲದೊಳಗೆ ಹಣಕಿ ನೋಡಿದವನೇ ಮುಖ ಸಣ್ಣದು ಮಾಡಿಕೊಂಡ. ಮೀನುದೋಣಿಯಲ್ಲಿ ಬಾಳೆಹಣ್ಣು ಅಪಶಕುನವಂತೆ, ಅಲ್ಲಿ ಅದನ್ನು ನಿಜವಾಗಿಯೂ ನಂಬುವವರಿದ್ದಾರೆ. "ನಮ್ಮಲ್ಲಿ ದೋಣಿ ಪೂಜೆಗೇ ಇದನ್ನು ಇಡುತ್ತೇವೆ" ಅಂತ ಭಾವ ವಾದಕ್ಕೆ ಇಳಿದರು. ನಾನು ಹಣ್ಣನ್ನು ಕಾರಿನಲ್ಲಿಟ್ಟು ಬಂದೆ. ಆ ದಿನ ಏನೂ ಸಿಗದಿದ್ದರೆ ಆಮೇಲೆ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ಸಮುದ್ರ ಆಗದವರು ಮೆಕ್ಲಿಜಿನ್ ಮಾತ್ರೆಯನ್ನು ಹಿಂದಿನ ರಾತ್ರಿ ಒಂದು, ಹೊರಡುವ ಗಂಟೆ ಮುಂಚೆ ಒಂದು ತೆಗೆದುಕೊಳ್ಳುವುದುಂಟು. ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ದೋಣಿ ಅಲುಗಾಡಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಒಳಗೆ ಕೂತು ಫೋನ್ ನೋಡಬೇಡಿ, ದಿಗಂತ ನೋಡಿ.

ಈಗ ಆ ಎರಡು ಕಡೆಗಳ ವಿಷಯ. ಈ ಸಲವೂ ಮೂರನೆಯ ದಿನ ಫ್ರಂಟ್ ಬಂತು. ಹೋದ ವರ್ಷವಾಗಿದ್ದರೆ ರೂಮಿನಲ್ಲಿ ಕೂತಿರುತ್ತಿದ್ದೆವು. ಆದರೆ ದ್ವೀಪಗಳ ಸಾಲು ಒಂದು ಉದ್ದ ಗೋಡೆ ಇದ್ದ ಹಾಗೆ. ಉತ್ತರ, ವಾಯವ್ಯದಿಂದ ಗಾಳಿ ಬೀಸಿದಾಗ ಬೇ ಕಡೆ ಕೆಸರು ಕಲಕಿ ಹೋಗುತ್ತದೆ, ಅಟ್ಲಾಂಟಿಕ್ ಕಡೆ ದಡದ ಹತ್ತಿರ ನೀರು ಶಾಂತವಾಗಿರುತ್ತದೆ. ಗಾಳಿ ಪೂರ್ವಕ್ಕೆ ತಿರುಗಿದರೆ ಇದೆಲ್ಲ ತಲೆಕೆಳಗು. ದಡಕ್ಕೂ ಹವಳದ ದಿಬ್ಬಕ್ಕೂ ನಡುವೆ ಹಾಕ್ ಚಾನೆಲ್ ಎಂಬ ಕಾಲುವೆಯಿದೆ, ಹವಾಮಾನ ಇಲಾಖೆಯ ಕೀ ವೆಸ್ಟ್ ಕಚೇರಿ ಅದಕ್ಕೆ ಬೇರೆಯೇ ಮುನ್ಸೂಚನೆ ಕೊಡುತ್ತದೆ. ಹೊರಗೆ ಹೋಗಲಾಗದ ದಿನ ಅಲ್ಲಿಯ ಸಣ್ಣ ಸಣ್ಣ ಹವಳದ ಗುಡ್ಡೆಗಳ ಮೇಲೆ ಸ್ನ್ಯಾಪರ್ ಸಿಗುತ್ತದೆ. ಕ್ಯಾಪ್ಟನ್ ರದ್ದು ಮಾಡುತ್ತೇನೆ ಅಂದಾಗ ಇದನ್ನು ಕೇಳಿ ನೋಡಿ, ಕೆಲವರು ಒಪ್ಪುತ್ತಾರೆ.

ನಾವು ಹೋದದ್ದು ಸೇತುವೆಗೆ. 1912ರಲ್ಲಿ ಕೀ ವೆಸ್ಟ್ ತಲುಪಿದ ರೈಲುದಾರಿಯನ್ನು 1935ರ ಚಂಡಮಾರುತ ಹಾಳು ಮಾಡಿತು, ಆ ಜಾಡಿನಲ್ಲೇ ಹೆದ್ದಾರಿ ಬಂತು, ಆಮೇಲೆ ಹೊಸ ಸೇತುವೆಗಳು ಬಂದವು. ಪಕ್ಕದಲ್ಲಿ ಉಳಿದ ಹಳೆಯ ಸೇತುವೆಗಳಲ್ಲಿ ಹಲವು ಈಗ ಗಾಳ ಹಾಕುವವರಿಗೆ. ಐಲಮೊರಾಡದಿಂದ ಕೆಳಗೆ ಚಾನೆಲ್ 2, ಚಾನೆಲ್ 5 ಎಂಬವು ಹತ್ತಿರ. ರಿಪೇರಿಗೆ ಮುಚ್ಚುವುದುಂಟು, ಹೋಗುವ ಮುಂಚೆ ವಿಚಾರಿಸಿ. ಜೀವಂತ ಸೀಗಡಿ ಒಂದೆರಡು ಡಜನ್, ಬಕೆಟ್ಟು, ಗಾಳಿಗೆ ಒಂದು ಜಾಕೆಟ್ಟು. ಹೌದು, ಜಾಕೆಟ್ಟು ಬೇಕು. ಜನವರಿಯ ಹಗಲು ಸಾಮಾನ್ಯವಾಗಿ 24 ಡಿಗ್ರಿ ಇರುವ ಊರಿನಲ್ಲಿ ಆ ಸಂಜೆ ನಾವು ನಡುಗಿದೆವು.

ಸೇತುವೆಯ ಗುಟ್ಟು ನೀರಿನ ಓಟ. ಉಬ್ಬರವಾಗಲಿ ಇಳಿತವಾಗಲಿ, ನೀರು ಹರಿಯುತ್ತಿರುವಾಗ ಮೀನು ಕಚ್ಚುತ್ತದೆ, ನಿಂತಾಗ ಊಟ ಮಾಡಿಕೊಳ್ಳಿ. ಎರೆಯನ್ನು ದೂರ ಎಸೆಯುವುದು ಹೊಸಬರ ಚಟ. ಮೀನಿರುವುದು ಕಾಲಬುಡದಲ್ಲಿ, ಕಂಬದ ನೆರಳಿನಲ್ಲಿ. ಯಾರೂ ಹೇಳಿಕೊಡದೆಯೇ ಭಾವ ಇದನ್ನು ಮಾಡಿದರು, ಕತ್ತಲಾಗುವ ಹೊತ್ತಿಗೆ ಆರು ಮ್ಯಾಂಗ್ರೋವ್ ಸ್ನ್ಯಾಪರ್ ಎಳೆದರು, ಎರಡು 10 ಇಂಚಿಗೆ ಕಡಿಮೆ ಇದ್ದವು, ಬಿಟ್ಟೆವು. ನಾನು ದೂರ ಎಸೆದು ಒಂದು ಕ್ಯಾಟ್‌ಫಿಶ್ ಹಿಡಿದೆ. ಅದರ ರೆಕ್ಕೆಯ ಮುಳ್ಳು ಚುಚ್ಚಿದರೆ ಗಂಟೆಗಟ್ಟಲೆ ಉರಿ, ಬರಿಗೈಯಲ್ಲಿ ಹಿಡಿಯಬೇಡಿ. ಉದ್ದನೆಯ ದೊಡ್ಡ ಬ್ಯಾರಕುಡ ಸಿಕ್ಕರೆ ಫೋಟೋ ತೆಗೆದು ಬಿಡಿ, ತಿನ್ನಬೇಡಿ. ಹವಳದ ಮೀನುಗಳ ವಿಷ ಅದರಲ್ಲಿ ಸೇರಿರಬಹುದು, ಬೇಯಿಸಿದರೂ ಹೋಗುವುದಿಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ನಾಲ್ಕು ತುಂಡಾಗುವ ರಾಡ್ ಆದರೆ ಕೈಚೀಲದಲ್ಲೇ ಹೋಗುತ್ತದೆ, ದೊಡ್ಡ ಗಾಳಗಳನ್ನು ಸುತ್ತಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ದಿನಾ ಸಂಜೆ ರೀಲಿಗೆ ಸಿಹಿನೀರು ಚಿಮುಕಿಸಿ, ನನ್ನ ಕೆರೆಯ ರೀಲು ಮೊದಲ ವರ್ಷವೇ ತುಕ್ಕು ಹಿಡಿದು ಸತ್ತಿತು. ಪೋಲರೈಸ್ಡ್ ಕನ್ನಡಕ, ತುಂಬುತೋಳಿನ ಅಂಗಿ, ಗುರುತು ಬೀಳದ ಅಡಿಯ ಚಪ್ಪಲಿ ಸಾಕು.

ಮೀನನ್ನು ಸಮುದ್ರದಲ್ಲೇ ಕೊಯ್ಯುವಂತಿಲ್ಲ, ಸ್ನ್ಯಾಪರ್‌ನಂಥ ಹವಳದ ಮೀನು ದಡಕ್ಕೆ ಇಡಿಯಾಗಿ ಬರಬೇಕು. ದಡದಲ್ಲಿ ದೋಣಿಯವರೇ ಕೊಯ್ದು ಕೊಡುತ್ತಾರೆ, ಹೊರಡುವ ಎರಡು ದಿನ ಮುಂಚೆಯೇ ಫ್ರೀಜರಿನಲ್ಲಿಡಿ. ಡ್ರೈ ಐಸ್ ವಿಮಾನದಲ್ಲಿ ಒಬ್ಬರಿಗೆ 2.5 ಕಿಲೋವರೆಗೆ, ಅದೂ ಏರ್‌ಲೈನ್‌ಗೆ ತಿಳಿಸಿ, ಡಬ್ಬಿಗೆ ಗಾಳಿಯಾಡುವ ಕಿಂಡಿ ಬಿಟ್ಟು. ನಾವು ಅದರ ಗೋಜಿಗೆ ಹೋಗದೆ ಮೀನನ್ನು ಕಲ್ಲಾಗುವ ಹಾಗೆ ಹೆಪ್ಪುಗಟ್ಟಿಸಿ, ಪೇಪರಿನಲ್ಲಿ ಸುತ್ತಿ, ಮೆತ್ತನೆಯ ಕೂಲರ್ ಚೀಲದಲ್ಲಿಟ್ಟು ಪೆಟ್ಟಿಗೆಗೆ ತುಂಬಿದೆವು. ದಾರಿಯುದ್ದಕ್ಕೂ ಕರಗೀತೇ ಎಂದು ಭಾವನಿಗೆ ಚಿಂತೆ. ಮಿನಿಯಾಪೊಲಿಸ್‌ನಲ್ಲಿ ಇಳಿದಾಗ ಹೊರಗೆ ಮೈನಸ್ 23. ಪೆಟ್ಟಿಗೆಯನ್ನು ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲೇ ಬಿಟ್ಟೆವು.