ರೈಲ್ವೆ ಟೈಮ್ ಟೇಬಲ್ ಮತ್ತು ಇಂಗ್ಲಿಷು
ಅಕ್ಕನ ಮಗಳು ಮಂಡ್ಯದಲ್ಲಿ ಬಿ.ಎಡ್ ಓದ್ತಿದಾಳೆ. ಅವಳ ಸೆಮಿನಾರ್‌ಗೆ ಹೆಲ್ಪ್ ಮಾಡೋಣ ಅಂತ ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಎನ್.ಎಸ್. ಪ್ರಭು ಅನ್ನೋರು ಮಾಡಿದ ಬೆಂಗಳೂರು ಪ್ರಾಜೆಕ್ಟ್ ಬಗ್ಗೆ ಓದೋಕೆ ಕೂತೆ, ಕೈಬಿಡೋಕೇ ಮನಸ್ಸಾಗ್ಲಿಲ್ಲ. 1979ರಲ್ಲಿ ಶುರುವಾಗಿ 1984ರ ತನಕ ನಡೀತಂತೆ, ನಮ್ ದಕ್ಷಿಣ ಭಾರತದ ಮಾಮೂಲಿ ಸ್ಕೂಲುಗಳಲ್ಲೇ. ಗ್ರಾಮರ್ ಪಾಠ ಪಕ್ಕಕ್ಕಿಟ್ಟು ಮಕ್ಕಳ ಮುಂದೆ ರೈಲ್ವೆ ಟೈಮ್ ಟೇಬಲ್ಲೋ ಮ್ಯಾಪೋ ಇಟ್ಬಿಟ್ಟು, ಈ ಟ್ರೈನ್ ಎಷ್ಟೊತ್ತಿಗೆ ಸೇರುತ್ತೆ, ಆ ಊರಿಗೆ ಹೋಗ್ಬೇಕಾದ್ರೆ ಯಾವ್ದು ಹತ್ಬೇಕು ಅಂತ ಇಂಗ್ಲಿಷಲ್ಲೇ ಕೇಳೋದು. ಮೊದ್ಲು ಮೇಷ್ಟ್ರು ಅಂಥದ್ದೇ ಒಂದು ಟಾಸ್ಕ್‌ನ ಇಡೀ ಕ್ಲಾಸ್ ಜೊತೆ ಮಾಡಿ ತೋರಿಸ್ತಾರೆ, ಆಮೇಲೆ ಮಕ್ಕಳು ತಾವೇ ತಲೆ ಕೆಡಿಸ್ಕೋಬೇಕು. ಗಮನವೆಲ್ಲ ಉತ್ತರದ ಮೇಲಿದ್ದಾಗ ಭಾಷೆ ಗೊತ್ತಿಲ್ದಂಗೆ ಒಳಗೆ ಇಳಿಯುತ್ತೆ ಅನ್ನೋದು ಅವರ ನಂಬಿಕೆ.

ಈಗ ಎಲ್ಲರೂ ಗ್ರೂಪ್ ವರ್ಕ್ ಗ್ರೂಪ್ ವರ್ಕ್ ಅಂತಾರಲ್ಲ, ಪ್ರಭು ಅದಕ್ಕೆ ಅಷ್ಟು ಒಲವು ತೋರಿಸ್ಲಿಲ್ಲ, ಮಕ್ಕಳು ಒಬ್ಬರ ತಪ್ಪು ಇನ್ನೊಬ್ಬರು ಕಲೀತಾರೆ ಅಂತ. ನಂಗೂ ಅದು ಸರಿ ಅನ್ನಿಸ್ತು.

ಬೆರೆಟ್ಟಾ, ಡೇವಿಸ್ ಅನ್ನೋರು 1985ರಲ್ಲಿ ಇದರ ರಿಸಲ್ಟ್ ಬರೆದ್ರು: ಪ್ರಾಜೆಕ್ಟ್ ಮಕ್ಕಳು ಟಾಸ್ಕ್ ಥರದ ಟೆಸ್ಟಲ್ಲಿ ಮುಂದೆ, ಮಾಮೂಲಿ ಕ್ಲಾಸಿನೋರು ಗ್ರಾಮರ್ ಟೆಸ್ಟಲ್ಲಿ ಮುಂದೆ. ಯಾರಿಗೆ ಏನು ಕಲಿಸಿದ್ರೋ ಅದೇ ಬಂತು ಬಿಡಿ.

ಅಕ್ಕನ ಮಗಳೂ ಪ್ರಾಕ್ಟೀಸ್ ಟೀಚಿಂಗಲ್ಲಿ ಇದನ್ನೇ ಮಾಡ್ತೀನಿ ಅಂತಿದಾಳೆ. "ಮಾಡವ್ವ, ಆದ್ರೆ ಮೈಸೂರು-ಬೆಂಗಳೂರು ಟ್ರೈನ್ ಮಾತ್ರ ಬೇಡ" ಅಂದೆ. ಮದ್ದೂರಲ್ಲಿ ಯಾವ್ದು ನಿಲ್ಲುತ್ತೆ ಅಂತ ನಮ್ ಮಂಡ್ಯ ಹೈಕ್ಳು ಪೇಪರ್ ನೋಡ್ದೇನೇ ಕನ್ನಡದಲ್ಲಿ ಕೂಗ್ಬಿಡ್ತಾರೆ.