ಸೋಲುವ ಹಣ ಯಾರದು?

ನನ್ನ ಸಂಶೋಧನಾ ಅನುದಾನದ ದೊಡ್ಡ ಪಾಲು ಪ್ರಯೋಗದಲ್ಲಿ ಭಾಗವಹಿಸುವವರ ಕೈಗೆ ನಗದಾಗಿ ಸೇರುತ್ತದೆ. ಪಿಎಚ್‌ಡಿ ಮುಗಿಸಿ ವರ್ತನಾ ಅರ್ಥಶಾಸ್ತ್ರದಲ್ಲಿ, ಅಂದರೆ ಹಣದ ವಿಚಾರದಲ್ಲಿ ಜನ ನಿಜಕ್ಕೂ ಹೇಗೆ ನಿರ್ಧರಿಸುತ್ತಾರೆ ಎಂದು ನೋಡುವ ಶಾಖೆಯಲ್ಲಿ, ಈಗಷ್ಟೇ ಸ್ವಂತ ಕೆಲಸ ಆರಂಭಿಸಿರುವ ನನ್ನನ್ನು ಲೆಕ್ಕಪತ್ರ ನೋಡುವವರೂ ಬೇರೆ ಶಾಖೆಗಳ ಗೆಳೆಯರೂ ಕೇಳುವುದು ಒಂದೇ: ಪ್ರಶ್ನಾವಳಿ ಹಂಚಿ ಉತ್ತರ ಬರೆಸಿಕೊಂಡರೆ ಸಾಲದೇ?

ಸಾಲದು ಎನ್ನುವುದಕ್ಕೆ ನಾನು ಮೊದಲು ತೋರಿಸುವುದು ಅರ್ಥಶಾಸ್ತ್ರಜ್ಞ ಹಾನ್ಸ್ ಬಿನ್ಸ್‌ವಾಂಗರ್ 1980ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಮಹಾರಾಷ್ಟ್ರ ಮತ್ತು ಅಂದಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅವರು ನಿಜವಾದ ಹಣ ಕೊಡುವ, ನಾಣ್ಯ ಚಿಮ್ಮುವ ಆಟವೊಂದನ್ನು ಜನರ ಮುಂದಿಟ್ಟರು. ಅದರ ದೊಡ್ಡ ಮೊತ್ತದ ಹಂತದಲ್ಲಿ, ಹೆಡ್ ಬೀಳಲಿ ಟೇಲ್ ಬೀಳಲಿ 50 ರೂಪಾಯಿ ಖಚಿತವೆಂಬುದು ಒಂದು ತುದಿಯ ಆಯ್ಕೆಯಾದರೆ, ಒಂದು ಮಗ್ಗುಲಿಗೆ 200, ಇನ್ನೊಂದಕ್ಕೆ ಸೊನ್ನೆ ಎಂಬುದು ಮತ್ತೊಂದು ತುದಿಯದಾಗಿತ್ತು. ಆ ಗರಿಷ್ಠ ಮೊತ್ತ ಅಂದಿನ ಕೂಲಿಕಾರರ ತಿಂಗಳ ಆದಾಯವನ್ನೂ ಮೀರುತ್ತಿತ್ತು. ಸಣ್ಣ ಮೊತ್ತದ ಆಟದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಆಯ್ಕೆಗಳು ಮೊತ್ತ ಏರಿದಂತೆ ಹದವಾದ ಎಚ್ಚರಿಕೆಯ ಕಡೆಗೆ ಸರಿದವು. ಬರಿಯ ಮಾತಿನ ಸಂದರ್ಶನದಲ್ಲಿ ಸಿಕ್ಕ ಉತ್ತರಗಳು ಇದಕ್ಕೆ ತಾಳೆಯಾಗಲೇ ಇಲ್ಲ. ಕೇಳಿದವರು ಯಾರು ಎಂಬುದೂ ಆ ಉತ್ತರಗಳನ್ನು ಬದಲಿಸುತ್ತಿತ್ತು.

ಆದರೆ ನಿಜವಾದ ಹಣ ಕೊಟ್ಟ ಮಾತ್ರಕ್ಕೆ ಕಷ್ಟ ತೀರುವುದಿಲ್ಲ. ಲಾಭದ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ದೊಡ್ಡದು ಎಂದು ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವೆರ್‌ಸ್ಕಿ 1979ರಲ್ಲಿ ವಾದಿಸಿದರು. ಇದನ್ನು ಅಳೆಯಬೇಕಾದರೆ ಜನರು ಏನನ್ನಾದರೂ ನಿಜಕ್ಕೂ ಕಳೆದುಕೊಳ್ಳಬೇಕು. ಹಾಗೆಂದು ದಿನಗೂಲಿಯವರ ಸ್ವಂತ ಹಣವನ್ನು ಪಣಕ್ಕಿಡಿಸಲು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮನೋವಿಜ್ಞಾನಿಗಳು ಕೆಲವೊಮ್ಮೆ ಮಾಡುವಂತೆ ಸುಳ್ಳು ಹೇಳಿ ನಂಬಿಸುವುದಕ್ಕೂ ನಮ್ಮ ಶಾಖೆಯ ಸಂಪ್ರದಾಯ ಎಡೆಗೊಡುವುದಿಲ್ಲ. ಆದ್ದರಿಂದ ಮೊದಲು ನಾವೇ ಹಣ ಕೊಟ್ಟು, ಸೋತರೆ ಅದರಿಂದಲೇ ಹಿಂಪಡೆಯುತ್ತೇವೆ. ತುಮಕೂರು ಜಿಲ್ಲೆಯ ಸ್ವಸಹಾಯ ಸಂಘವೊಂದರಲ್ಲಿ ಹೀಗೆ ಪೈಲಟ್ (ಮುಖ್ಯ ಪ್ರಯೋಗಕ್ಕೆ ಮುಂಚಿನ ಸಣ್ಣ ಪರೀಕ್ಷೆ) ನಡೆಸುತ್ತಿದ್ದಾಗ ಹಿರಿಯ ಸದಸ್ಯೆಯೊಬ್ಬರು, "ಸೋತ್ರೆ ನಮ್ಮ ಕೈಯಿಂದ ಕೊಡ್ಬೇಕಾ ಸಾರ್?" ಎಂದು ವಿಚಾರಿಸಿದರು. ಇಲ್ಲವೆಂದೆ. "ಹಂಗಾದ್ರೆ ಹೋದ್ರೆ ಹೋಗ್ಲಿ ಬಿಡಿ, ನೀವೇ ಕೊಟ್ಟಿದ್ದಲ್ವಾ" ಎಂದು ಅತ್ಯಂತ ಅಪಾಯದ ಆಯ್ಕೆಗೇ ಗುರುತು ಹಾಕಿದರು. ಅವರ ತರ್ಕದಲ್ಲಿ ಲೋಪವಿರಲಿಲ್ಲ, ಆದರೆ ನಾನು ಅಳೆಯಲು ಹೊರಟದ್ದು ಅದನ್ನಲ್ಲ.

ಪುಕ್ಕಟೆ ಸಿಕ್ಕ ಹಣದಂತಲ್ಲ, ದುಡಿದು ಗಳಿಸಿದ ಹಣವನ್ನು ಜನ ಸುಲಭವಾಗಿ ಬಿಡುವುದಿಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರಿಸಿ ಹಣ ಸಂಪಾದಿಸಿದ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಅಪರಿಚಿತರಿಗೆ ಬಿಡಿಗಾಸನ್ನೂ ಹಂಚಲಿಲ್ಲ. ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಮೈಕೆಲ್ ಕ್ರೇಮರ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಮೈಸೂರಿನ ಡೇಟಾ ಎಂಟ್ರಿ ಕೆಲಸಗಾರರೊಂದಿಗೆ ನಡೆಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನ. ಕೆಲಸಗಾರರು ದಿನಕ್ಕೆ ಇಷ್ಟು ಕೆಲಸವೆಂದು ತಮಗೆ ತಾವೇ ಗುರಿ ಹಾಕಿಕೊಳ್ಳಬಹುದಿತ್ತು. ಮುಟ್ಟಿದರೆ ಎಂದಿನ ದರ, ತಪ್ಪಿದರೆ ಅದರ ಅರ್ಧ. ಗುರಿ ಹಾಕಿಕೊಳ್ಳುವುದರಿಂದ ಕೈಗೆ ಒಂದು ಪೈಸೆಯೂ ಹೆಚ್ಚು ಬರುವುದಿಲ್ಲ. ಆದರೂ ಶೇಕಡಾ 36ರಷ್ಟು ಸಂದರ್ಭಗಳಲ್ಲಿ ಅವರು ಅದನ್ನೇ ಆರಿಸಿಕೊಂಡರು. ಇಂಥ ಒಪ್ಪಂದವಿದ್ದಾಗ ಕೆಲಸವೂ ಹೆಚ್ಚಿತು. ಸಂಬಳದ ದಿನ ಹತ್ತಿರವಾದಂತೆ ದುಡಿಮೆ ಚುರುಕಾಗುತ್ತಿದ್ದವರೇ ಈ ಕಟ್ಟುಪಾಡನ್ನು ಹೆಚ್ಚಾಗಿ ಬಯಸಿದ್ದರು. ಪಣಕ್ಕಿದ್ದದ್ದು ಅವರದೇ ಕೂಲಿಯಾದ್ದರಿಂದ ಈ ಫಲಿತಾಂಶವನ್ನು ಆಟದ ಹುಮ್ಮಸ್ಸು ಎಂದು ತಳ್ಳಿಹಾಕಲು ಬರುವುದಿಲ್ಲ.

ಹಾಗಾಗಿ ನನ್ನ ಮುಂದಿನ ಸುತ್ತಿನಲ್ಲಿ ಭಾಗವಹಿಸುವವರು ಮೊದಲು ಕಾಳು ವಿಂಗಡಿಸುವ ಕೆಲಸ ಮಾಡಿ ಹಣ ಗಳಿಸುತ್ತಾರೆ, ಅದನ್ನು ಮನೆಗೆ ಒಯ್ಯುತ್ತಾರೆ, ವಾರದ ನಂತರ ಬಂದು ಅದರಲ್ಲಿ ಎಷ್ಟನ್ನು ಪಣಕ್ಕಿಡಬೇಕೆಂದು, ಇಡದಿರುವ ಸ್ವಾತಂತ್ರ್ಯವೂ ಸೇರಿದಂತೆ, ತಾವೇ ನಿರ್ಧರಿಸುತ್ತಾರೆ. ಇದರಲ್ಲಿ ಎರಡು ತೊಡಕುಗಳಿವೆ. ಚುರುಕಾಗಿ ವಿಂಗಡಿಸುವವರು ಹೆಚ್ಚು ಗಳಿಸಿದರೆ ಅವರ ಧೈರ್ಯ ಹಣದಿಂದ ಬಂದದ್ದೋ ಸ್ವಭಾವದಿಂದಲೋ ತಿಳಿಯದು. ಅದಕ್ಕಾಗಿ ಎಲ್ಲರಿಗೂ ಒಂದೇ ಕೂಲಿಯನ್ನು ನಿಗದಿಪಡಿಸಿದ್ದೇನೆ. ವಾರದೊಳಗೆ ಹಣ ಖರ್ಚಾಗಿ ಕೆಲವರು ಹಿಂತಿರುಗದೆ ಇರಬಹುದು. ಅಂಥವರನ್ನು ಲೆಕ್ಕದಿಂದ ಕೈಬಿಡದೆ ಪ್ರತ್ಯೇಕವಾಗಿ ವರದಿ ಮಾಡುವುದಾಗಿ, ದತ್ತಾಂಶ ಕೈಗೆ ಬರುವ ಮೊದಲೇ ನೋಂದಾಯಿಸಿರುವ ಯೋಜನೆಯಲ್ಲಿ ಬರೆದಿಟ್ಟಿದ್ದೇನೆ.